ನಾನು ಒಂದು ಊರಿಗೇ ಸಕ್ಕರೆ ಕಾಯಿಲೆ ಹಚ್ಚಿದ್ದು

ತಾಳ್ಮೆ ಅನ್ನುವುದು ನನಗೆ ಆಗ ಒಂದು ಚೂರೂ ಇರಲಿಲ್ಲ. ಈಗ ಇದೆಯೇ ಎಂದು ದಯವಿಟ್ಟು ನನ್ನ ಹೆಂಡತಿಯನ್ನು ಕೇಳಬೇಡಿ. ತೊಂಬತ್ತರ ದಶಕದ ನಡುವಿನ ಮಾತು. ನಾನು ನಾಗಮಂಗಲದ ಗುಮಾಸ್ತರೊಬ್ಬರ ಮಗ. ನಾಲ್ಕೂವರೆ ವರ್ಷ ವೈದ್ಯಕೀಯ ಓದಿ, ಪರೀಕ್ಷೆಗಳನ್ನೆಲ್ಲ ಮುಗಿಸಿ, ಹೌಸ್ ಸರ್ಜನ್ ಆಗಿ ಹಳ್ಳಿ ಕೆಲಸಕ್ಕೆ ಬಂದಿದ್ದೆ. ಸ್ಟೆತಸ್ಕೋಪನ್ನು ಚೀಲದಲ್ಲಿಡದೆ ಕೊರಳಿಗೆ ಹಾಕಿಕೊಂಡೇ ಬಸ್ಸು ಹತ್ತುತ್ತಿದ್ದೆ, ಕಂಡಕ್ಟರು ನೋಡಲಿ ಅಂತ.

ನಮ್ಮನ್ನು ಕಳಿಸಿದವರು ಕಾಲೇಜಿನ ಮೇಡಂ ಒಬ್ಬರು. ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವರು, ದನಿ ಮೆತ್ತಗೆ, ಮಾತು ಖಾರ. ನೀವು ಓದಿರುವ ಪುಸ್ತಕಗಳಲ್ಲಿ ಹಳ್ಳಿಯೆಂದರೆ ಭೇದಿ, ಜಂತುಹುಳು, ಕಜ್ಜಿ ಅಷ್ಟೇ. ನೀವು ಡಾಕ್ಟರಾಗಿ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಎದುರಿಗೆ ಬಂದು ಕೂರುವ ಕಾಯಿಲೆಗಳೇ ಬೇರೆ, ಹೋಗಿ ನೋಡಿಕೊಂಡು ಬನ್ನಿ ಎಂದಿದ್ದರು. ನಮ್ಮ ನಾಲ್ವರ ಗುಂಪಿಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆ. ದೊಡ್ಡಾಸ್ಪತ್ರೆಯ ಹಿರಿಯ ಡಾಕ್ಟರುಗಳು ನಕ್ಕರು. ಗುದ್ದಲಿ ಹಿಡಿಯುವವನಿಗೆ ಎಲ್ಲಿಯ ಸಕ್ಕರೆ ಕಾಯಿಲೆ, ಅದು ಫೈಲು ಹಿಡಿಯುವವರದು ಎಂದರು. ನನಗೆ ರೇಗಿಹೋಯಿತು. ತೋರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ನಮ್ಮ ಪಾಲಿಗೆ ಬಂದದ್ದು ಪಾಂಡವಪುರ ತಾಲ್ಲೂಕಿನಲ್ಲಿ ಕ್ಯಾತನಹಳ್ಳಿಗೆ ಹತ್ತಿರದ ಒಂದು ಕಬ್ಬಿನ ಹಳ್ಳಿ. ಪರೀಕ್ಷೆ ಬಹಳ ಸುಲಭದ್ದು. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಜಾಸ್ತಿಯಿದ್ದರೆ ಇಟ್ಟಿಗೆಗೆಂಪು. ಊರವರ ಮೂತ್ರ ತರಿಸಲು ಬಾಟಲಿ ಬೇಕಿತ್ತು. ಆಲೆಮನೆಯ ಯಜಮಾನರು ಧಾರಾಳ ಮನುಷ್ಯ, ಒಂದು ಗೋಣಿಚೀಲ ತುಂಬ ಖಾಲಿ ಬಾಟಲಿ ಕೊಟ್ಟರು. ಕುದಿಯುವ ನೀರಲ್ಲಿ ತೊಳೆಯೋಣ ಎಂದು ಗೆಳೆಯನೊಬ್ಬ ಅಂದ. ಅಷ್ಟು ಹೊತ್ತು ಯಾರು ಕಾಯುತ್ತಾರೆ! ನಾಲೆಗೆ ಅದ್ದಿ, ಗಲಗಲ ಅಲ್ಲಾಡಿಸಿ ಹಂಚಿಬಿಟ್ಟೆ.

ಮರುದಿನ ಬೆಳಿಗ್ಗೆ ಆರೋಗ್ಯ ಉಪಕೇಂದ್ರದ ಜಗಲಿಯ ಮೇಲೆ ದೀಪ ಹಚ್ಚಿದೆ. ಮೊದಲ ನಳಿಗೆ ಕೆಂಪು. ಎರಡನೆಯದು ಕೆಂಪು. ಮೂರನೆಯದು ಹಳದಿ, ನಾಲ್ಕನೆಯದು ಮತ್ತೆ ಕೆಂಪು. ನಕ್ಕವರೆಲ್ಲ ಬಂದು ನೋಡಬೇಕಿತ್ತು! ಜನ ಸುತ್ತ ನೆರೆದಿದ್ದರು. ನಾನು ಒಂದೊಂದೇ ಹೆಸರು ಕೂಗಿ, ನಳಿಗೆ ಎತ್ತಿ ತೋರಿಸಿ, ಸಕ್ಕರೆ ಇದೆ, ಸಕ್ಕರೆ ಇದೆ ಎಂದು ಸಾರಿದೆ. ಹರಾಜಿನಲ್ಲೂ ಅಷ್ಟು ಜೋರಾಗಿ ಕೂಗುವುದಿಲ್ಲ. ಆವತ್ತು ಮಧ್ಯಾಹ್ನ ಊರಿನ ಹೋಟೆಲಿನಲ್ಲಿ ಟೀ ಕುಡಿಯುವವರೇ ಇರಲಿಲ್ಲವಂತೆ. ಅದನ್ನು ಕೇಳಿಯೂ ನನಗೆ ಹೆಮ್ಮೆಯೇ ಆಯಿತು.

ಮೂರನೆಯ ದಿನ ನರ್ಸಮ್ಮ ಬಂದರು. ಇಪ್ಪತ್ತು ವರ್ಷದಿಂದ ಆ ಸುತ್ತಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಹೆಂಗಸು. ಚೀಲದಲ್ಲಿ ಉಳಿದಿದ್ದ ಒಂದು ಬಾಟಲಿಯನ್ನು ಎತ್ತಿ ಮೂಸಿದರು. ಅದಕ್ಕೆ ಕೊಡದ ನೀರು ಹಾಕಿ, ಅಲ್ಲಾಡಿಸಿ, ಎಂಟು ಹನಿ ನನ್ನ ನಳಿಗೆಗೆ ಬಿಟ್ಟು, ಕಾಯಿಸಿ ಅಂದರು. ಕಾಯಿಸಿದೆ. ಇಟ್ಟಿಗೆಗೆಂಪು.

"ನೀರ್ಗೂ ಸಕ್ಕರೆ ಕಾಯ್ಲೆ ಬಂದ್ಬುಟ್ಟೈತಲ್ಲ ಡಾಕ್ಟ್ರೆ," ಅಂದರು ನರ್ಸಮ್ಮ. "ಆಲೆಮನೇಲಿ ಜೋನಿಬೆಲ್ಲ ತುಂಬ್ಸೋ ಬಾಟ್ಲಿ ಇವು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗೆಳೆಯರು ನನ್ನ ಮುಖ ನೋಡಲಿಲ್ಲ. ಪಾಂಡವಪುರಕ್ಕೆ ಹೋಗಿ ಮೇಡಂಗೆ ಫೋನು ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, ಊರಿಗೆ ಕಾಯಿಲೆ ಹಚ್ಚಿದವನು ನೀನೇ ತಾನೆ, ನೀನೇ ಬಿಡಿಸಿ ಬಾ ಎಂದು ಫೋನು ಇಟ್ಟರು.

ಬಿಡಿಸಲು ಹೊರಟೆ. ಗಾಜನ್ನೆಲ್ಲ ಕುದಿಸಿ, ಮನೆಮನೆಗೆ ಹೋಗಿ ಹೊಸದಾಗಿ ಮೂತ್ರ ತರಿಸಿ ನೋಡಿದರೆ ಎಲ್ಲ ನೀಲಿ. ಎಲ್ಲರಿಗೂ ತಪ್ಪು ನನ್ನದು ಎಂದೆ. ಕೆಲವರು ನಕ್ಕರು, ಒಬ್ಬಾಕೆ ಎಲೆಯಡಿಕೆ ಉಗಿದು ಒಳಗೆ ಹೋದಳು. ಕೊನೆಯ ಮನೆಯಲ್ಲಿ ಮಾತ್ರ ನಗುವವರೂ ಇರಲಿಲ್ಲ, ಉಗಿಯುವವರೂ ಇರಲಿಲ್ಲ. ಆ ಮನೆಯ ಮಗಳಿಗೆ ಬೂಕನಕೆರೆಯಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದು ಬಾಕಿ. ಅಷ್ಟರಲ್ಲಿ ಅಪ್ಪನ ಹೆಸರನ್ನು ನಾನು ಜಗಲಿಯ ಮೇಲೆ ಕೂಗಿದ್ದೆ. ಸಕ್ಕರೆ ಕಾಯಿಲೆಯ ಮನೆತನದ ಹೆಣ್ಣು ನಮಗೆ ಬೇಡ ಎಂದು ಗಂಡಿನ ಅಪ್ಪ ಹೇಳಿ ಕಳಿಸಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೀಲಿ ನಳಿಗೆಯನ್ನು ಅವಳ ಅಪ್ಪನಿಗೆ ತೋರಿಸಿದೆ. ಅವರು ಅದರ ಕಡೆ ತಿರುಗಲೂ ಇಲ್ಲ.

"ನೀವು ಕೂಗಿದ್ದು ಬಸ್ಸತ್ಕಂಡು ಬೂಕನಕೆರೆಗೆ ಓಯ್ತು," ಅಂದರು. "ಈಗ ನೀವೂ ಬಸ್ಸತ್ತಿ."

ಹತ್ತಿದೆ. ದೀಪ, ನಳಿಗೆ, ದ್ರಾವಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೆತಸ್ಕೋಪನ್ನು ಚೀಲದೊಳಗೆ ಹಾಕಿಕೊಂಡು ಕೂತೆ. ಗಂಡಿನ ಅಪ್ಪ ದೊಡ್ಡ ಆಳು, ಭಾರಿ ಮೀಸೆ. ಜಗಲಿಯ ಮೇಲೆ ನೆಂಟರು, ಮಗ ಎಲ್ಲ ಇದ್ದರು. ಬಾಟಲಿಯ ವಿಷಯ ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. ಹೆಣ್ಣಿನ ಕಡೆಯವರು ಎಷ್ಟು ಕೊಟ್ಟು ಕಳಿಸಿದರು ಎಂದರು. ನನಗೆ ರೋಷ ಉಕ್ಕಿತು. ಹಾಗಾದರೆ ನಿಮ್ಮದೇ ಕೊಡಿ, ನಿಮ್ಮ ಕಣ್ಣೆದುರಿಗೇ ನೀಲಿ ಮಾಡಿ ತೋರಿಸುತ್ತೇನೆ ಎಂದೆ. ಅವರು ಮೀಸೆಯಲ್ಲೇ ನಕ್ಕು ಹಿತ್ತಿಲಿಗೆ ಕರೆದುಕೊಂಡು ಹೋದರು.

ಅಲ್ಲೇ ಕುದಿಸಿದ ಗಾಜು, ಅವರೇ ಸೇದಿ ಕೊಟ್ಟ ನೀರು. ದೀಪ ಹಚ್ಚಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ಕೆಂಪಗಾಯಿತು. ಇನ್ನೊಂದು ನಳಿಗೆಯಲ್ಲಿ ಮಾಡಿದೆ. ಅದೂ ಕೆಂಪು. ಆಗ ಅವರ ಕಾಲು ನೋಡಿದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಗಾಯವಾಗಿ ಮೂರು ತಿಂಗಳಾಯಿತು, ಮಾಯುತ್ತಿಲ್ಲ ಎಂದರು. ಬಾಯಾರಿಕೆಯೋ? ವಿಪರೀತ. ಹೊಲದಲ್ಲಿ ದುಡಿಯುವವನು, ಉಷ್ಣಕ್ಕೆ ಅಂದುಕೊಂಡಿದ್ದರಂತೆ. ಸಿಕ್ಕಿತು! ಗುದ್ದಲಿ ಹಿಡಿಯುವವನಿಗೂ ಬರುತ್ತದೆ! ಕುಣಿಯಬೇಕು ಅನ್ನಿಸಿತು. ನಿಜ ಹೇಳುತ್ತೇನೆ, ಮೊದಲು ಅನ್ನಿಸಿದ್ದು ಅದೇ. ಆಮೇಲೆ ಅವರ ಮುಖ ನೋಡಿದೆ.

ಜಗಲಿಯಿಂದ ಯಾರೋ ಏನು ಬಣ್ಣ ಬಂತು ಎಂದು ಕೂಗಿದರು. ನಾಲಿಗೆ ತುದಿಗೆ ಬಂದಿತ್ತು. ನಳಿಗೆಯನ್ನು ಬೆನ್ನ ಹಿಂದೆ ಹಿಡಿದು, ಪರೀಕ್ಷೆ ಮಾಡಿಸಿಕೊಂಡವರು ಇವರು, ಇವರಿಗೆ ಮಾತ್ರ ಹೇಳುತ್ತೇನೆ ಎಂದು ಕೂಗಿ ಉತ್ತರಿಸಿದೆ.

ಅವರು ಬಾವಿಯ ಕಟ್ಟೆಯ ಮೇಲೆ ಕೂತರು. ಇದು ಮಾತ್ರೆಯಿಂದ ಹಿಡಿತಕ್ಕೆ ಬರುವ ಕಾಯಿಲೆ, ಊಟ ನೋಡಿಕೊಳ್ಳಬೇಕು, ಕಾಲಿಗೆ ನಾಳೆಯೇ ಔಷಧಿ ಶುರು ಮಾಡಬೇಕು, ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

"ಕಾಯ್ಲೆ ಮನೆ ಎಣ್ಣು ಬ್ಯಾಡ ಅಂದೋನು ನಾನು," ಅಂದರು. "ಈಗ ಕಾಯ್ಲೆ ಮನೆ ಗಂಡು ಬ್ಯಾಡ ಅಂತ ಅವ್ರು ಅಂದ್ರೆ, ನನ್ ಮಗನ್ ಗತಿ ಏನ್ಲಾ?"

ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಹೇಳಬೇಡ, ನಾನೇ ಹೇಳುತ್ತೇನೆ ಎಂದರು ಅವರು. ಮುಚ್ಚಿಟ್ಟು ಹೆಣ್ಣು ತಂದರೆ ನಾಳೆ ಆ ಹೆಣ್ಣುಮಗಳ ಮುಖ ಹೇಗೆ ನೋಡಲಿ ಎಂದರು.

ಮರುದಿನ ಅವರನ್ನು ಆಸ್ಪತ್ರೆಗೆ ತೋರಿಸಿ, ಮಾತ್ರೆ ಕೊಡಿಸಿ, ಇಬ್ಬರೂ ಹುಡುಗಿಯ ಮನೆಗೆ ಬಂದೆವು. ಆ ದೊಡ್ಡ ಆಳು ಜಗಲಿಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು. ನಿಮ್ಮದು ಸುಳ್ಳು ಕಾಯಿಲೆ, ನನ್ನದು ನಿಜವಾದದ್ದು, ನಾನು ಆಡಿದ ಮಾತು ತಪ್ಪು, ಇನ್ನು ನೀವು ಹೇಗೆ ಹೇಳಿದರೆ ಹಾಗೆ ಎಂದರು. ಹುಡುಗಿಯ ಅಪ್ಪ ನೆಲ ನೋಡುತ್ತ ಕೂತರು. ನನಗೋ ಕಾಯಲಾಗದೆ ಜೀವ ಬಾಯಿಗೆ ಬಂದಿತ್ತು.

ಆಗ ಹುಡುಗಿ ಒಳಗಿನಿಂದ ಒಂದು ನೋಟ್‌ಬುಕ್ಕು, ಪೆನ್ನು ಹಿಡಿದು ಬಂದಳು. ತನ್ನ ಅಪ್ಪನ ಕಡೆ ನೋಡಲಿಲ್ಲ, ಗಂಡಿನ ಅಪ್ಪನ ಕಡೆಯೂ ನೋಡಲಿಲ್ಲ. ನೇರವಾಗಿ ನನ್ನ ಮುಂದೆ ಕೂತು, ಇವರಿಗೆ ಹೊತ್ತಿಗೆ ಎಷ್ಟು ಮುದ್ದೆ ಹಾಕಬೇಕು, ಎಷ್ಟು ಗಾತ್ರದ್ದು, ಹೇಳಿ ಬರೆದುಕೊಳ್ಳುತ್ತೇನೆ ಎಂದಳು.

ನನ್ನ ಪುಸ್ತಕದಲ್ಲಿ ಸಕ್ಕರೆ ಕಾಯಿಲೆಯವರ ಊಟದ ಪಟ್ಟಿಯಿತ್ತು. ಎರಡು ತುಂಡು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಒಂದು ಲೋಟ ಹಾಲು. ಪಟ್ಟಿಯಲ್ಲಿ ಮುದ್ದೆ ಇರಲಿಲ್ಲ. ಹುಟ್ಟಿದಾಗಿನಿಂದ ಮುದ್ದೆ ತಿಂದು ಬೆಳೆದ ನಾಗಮಂಗಲದವನು ನಾನು. ಓದಿದ ಅಷ್ಟೂ ವರ್ಷ ಒಂದು ದಿನ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ, ನನಗೂ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಿಬಿಡೋಣವೇ ಅನ್ನಿಸಿತು. ಗೊತ್ತಿಲ್ಲ ಎಂದೆ.

ಅವಳು ಪೆನ್ನಿನ ಟೋಪಿ ಹಾಕಿದಳು.

"ಅಂಗಾದ್ರೆ ಬ್ಯಾಗ ತಿಳ್ಕಂಡ್ ಬನ್ನಿ ಡಾಕ್ಟ್ರೆ," ಅಂದಳು. "ಆ ಮನೇಲಿ ಇನ್ಮೇಲೆ ಮುದ್ದೆ ಕಟ್ಟೋಳು ನಾನೆ."