ಸ್ಕೋಪ್ ಸರಿ ಉಂಟು

ಅವರ ಮುಖ ಯಾವಾಗಲೂ ಒಂದು ಚೂರು ಬಲಕ್ಕೆ ತಿರುಗಿರುತ್ತಿತ್ತು. ಎದುರು ನಿಂತವರನ್ನು ಅವರು ನೆಟ್ಟಗೆ ನೋಡಿದ್ದನ್ನು ನಾನು ಕಂಡಿಲ್ಲ. ಕೋಳಿ ಕಾಳು ನೋಡುವ ಹಾಗೆ ಎಡಗಣ್ಣನ್ನು ಮುಂದೆ ಮಾಡಿ, ಗಡ್ಡವನ್ನು ಬಲಭುಜದ ಕಡೆಗಿಟ್ಟು ನೋಡುತ್ತಿದ್ದರು. ಹೊಸ ಗಿರಾಕಿಗಳಿಗೆ ಇದು ಸೊಕ್ಕಿನ ಹಾಗೆ ಕಾಣುತ್ತಿತ್ತು. ಈ ಮನುಷ್ಯನಿಗೆ ವ್ಯಾಪಾರ ಬೇಡವೋ ಏನೋ ಎಂದು ಗೊಣಗಿಕೊಂಡು ಮೆಟ್ಟಿಲಿಳಿದು ಹೋದವರಿದ್ದಾರೆ. ವ್ಯಾಪಾರ ಅವರಿಗೆ ಬೇಕಿತ್ತು. ಬಲಗಣ್ಣು ಮಾತ್ರ ಕೆಲಸಕ್ಕೆ ಬರುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಅದು ಗೊತ್ತಾಗುವಂತಿರಲಿಲ್ಲ. ಏನಾಯಿತೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಬಂದರಿನ ಹತ್ತಿರ ಅವರದೊಂದು ಅಂಗಡಿ. ಮೀನಿನ ಬೋಟಿನವರಿಗೆ ಬೇಕಾಗುವ ದುರ್ಬೀನು, ದಿಕ್ಸೂಚಿ, ದೊಡ್ಡ ಟಾರ್ಚು ಮಾರುತ್ತಿದ್ದರು. ಒಳಗಿನ ಗಾಜಿನ ಕಪಾಟಿನಲ್ಲಿ ಲೈಸೆನ್ಸ್ ಬೇಡದ ಏರ್‌ಗನ್, ಅದರ ಸೀಸದ ಗುಂಡಿನ ಡಬ್ಬಿ, ಗನ್ನಿನ ಮೇಲೆ ಕೂರಿಸುವ ಸ್ಕೋಪ್. ಎಲ್ಲರೂ ಅವರನ್ನು ದುರ್ಬೀನು ಕಾಕ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಫೋನು ಬಂದರೆ "ಹಾಂ, ದುರ್ಬೀನೇ ಮಾತಾಡುದು, ಹೇಳಿ" ಎನ್ನುತ್ತಿದ್ದರು.

ನಾನು ಅಲ್ಲಿಗೆ ಮೊದಲು ಹೋದದ್ದು ಗನ್ ಮಾರಲು. ಗಂಡ ತೀರಿಕೊಂಡು, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು, ನೆಂಟರೆಲ್ಲ ಅವರವರ ಮನೆಗೆ ಹೋಗಿಯಾಗಿತ್ತು. ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನ ಕಪಾಟಿನಲ್ಲಿ ಅವರ ಏರ್‌ಗನ್ ಉಳಿದಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ಬೈಕಂಪಾಡಿಗೆ ಹೋಗಿ ಕಾಗದದ ಗುರಿಗೆ ಹೊಡೆದು ಬರುವುದು ಅವರ ಹವ್ಯಾಸ. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಆಗ ನನಗೆ ಯಾವುದರಲ್ಲೂ ಇರಲಿಲ್ಲ. ನಾನು ಅತ್ತಿರಲಿಲ್ಲ. ಗಟ್ಟಿ ಹೆಂಗಸು ಎಂದು ನಾದಿನಿಯರು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದರೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಬೆಳಿಗ್ಗೆ ನಮ್ಮ ಕುಟುಂಬದ ಹೋಟೆಲಿಗೆ ಹೋಗಿ ಕ್ಯಾಶಿನಲ್ಲಿ ಕೂರುತ್ತಿದ್ದೆ, ಸಂಜೆ ಎದ್ದು ಬರುತ್ತಿದ್ದೆ.

ಕಾಕ ಚೀಲ ಬಿಚ್ಚಿ ನೋಡಿದ ಕೂಡಲೇ ಗನ್ನಿನ ಗುರುತು ಹಿಡಿದರು.

"ಇದು ನಾನೇ ಕೊಟ್ಟದ್ದು. ಸಾರ್ ಬರ್ಲಿಲ್ವಾ?"

"ತೀರಿಕೊಂಡ್ರು," ಎಂದೆ.

ಅವರು ಎಣ್ಣೆಯ ಬಟ್ಟೆಯಿಂದ ನಳಿಗೆಯನ್ನು ಒಮ್ಮೆ ಒರೆಸಿ, ಗನ್ನನ್ನು ಮತ್ತೆ ಚೀಲದೊಳಗಿಟ್ಟು ಝಿಪ್ ಎಳೆದರು. "ಮಾರ್ಲಿಕ್ಕೆ ಎಂತ ಅವಸರ ಅಕ್ಕ? ಇದೇನು ಹಲಸಿನ ಹಣ್ಣಾ, ಕೊಳೀಲಿಕ್ಕೆ? ಒಮ್ಮೆ ಹೊಡ್ದು ನೋಡಿ. ಬೇಡ ಅಂತಾದ್ರೆ ತನ್ನಿ, ನಾನೇ ತೆಗೀತೇನೆ."

ಬೈಕಂಪಾಡಿಯಲ್ಲಿ ಕಾಕನ ತಮ್ಮನದೊಂದು ಹಳೆಯ ಗೋದಾಮು ಇತ್ತು. ಒಂದು ಕಾಲದಲ್ಲಿ ಗೇರುಬೀಜ ತುಂಬುತ್ತಿದ್ದದ್ದು. ಅದರ ಒಂದು ತುದಿಯಲ್ಲಿ ಮರಳಿನ ಚೀಲ ಒಟ್ಟಿ, ಕಾಗದದ ಗುರಿ ಕಟ್ಟಿ, ಭಾನುವಾರ ಏಳೆಂಟು ಜನ ಸೇರುತ್ತಿದ್ದರು. ಒಬ್ಬ ವಕೀಲರು, ಒಬ್ಬ ಹಲ್ಲಿನ ಡಾಕ್ಟರು, ಬೋಟಿನ ಮಾಲಿಕರು. ಹೆಂಗಸು ನಾನೊಬ್ಬಳೇ. ಅಲ್ಲಿ ಕಾಕನದೊಂದೇ ಕಾನೂನು: ಗನ್ ಕೈಯಲ್ಲಿರುವಾಗ ಮಾತಿಲ್ಲ. ಯಾರಾದರೂ ಬಾಯಿ ತೆರೆದರೆ ಅವರು ಸುಮ್ಮನೆ ಬಂದು ಗನ್ ತೆಗೆದುಕೊಂಡು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ವಕೀಲರ ಗನ್ ಹೆಚ್ಚಾಗಿ ಮೇಜಿನ ಮೇಲೆಯೇ ಇರುತ್ತಿತ್ತು.

ನನಗೆ ಅದು ಹಿಡಿಸಿತು. ಸಂತೋಷವಾಯಿತೆಂದರೆ ಸುಳ್ಳಾಗುತ್ತದೆ. ಏನೂ ಅನ್ನಿಸದಿರುವುದು ಅಲ್ಲಿ ತಪ್ಪಾಗಿರಲಿಲ್ಲ, ಅಷ್ಟೇ. ಉಸಿರು ಅರ್ಧ ಬಿಟ್ಟು, ತಡೆದು, ಮೆಲ್ಲಗೆ ಬೆರಳು ಒತ್ತುವಾಗ ಯಾರೂ ನನ್ನಿಂದ ಕಣ್ಣೀರು ನಿರೀಕ್ಷಿಸುತ್ತಿರಲಿಲ್ಲ.

ಆದರೆ ಗುರಿ ಕಾಣಬೇಕಲ್ಲ. ಚಿಕ್ಕಂದಿನಿಂದಲೂ ನನ್ನದು ಸೋಡಾ ಬಾಟಲಿಯ ತಳದಂಥ ಕನ್ನಡಕ. ಗನ್ನಿನ ಹಿಂದಿನ ಕಚ್ಚು, ತುದಿಯ ಮೊನೆ, ದೂರದ ಕಾಗದ, ಈ ಮೂರನ್ನೂ ಒಂದು ಗೆರೆಗೆ ತರುವುದು ನನ್ನಿಂದಾಗುತ್ತಿರಲಿಲ್ಲ. ಒಂದು ಸ್ಪಷ್ಟವಾದರೆ ಉಳಿದೆರಡು ಮಸುಕು. ಸ್ಕೋಪ್ ಹಾಕಿದರೆ ಈ ಜಂಜಾಟವಿಲ್ಲ, ಒಳಗಿರುವ ಪ್ಲಸ್ ಗೆರೆಯನ್ನು ಗುರಿಯ ಮೇಲಿಟ್ಟರಾಯಿತು ಎಂದು ಕಾಕ ಹೇಳಿದರು. ನಾನು ಅಂಗಡಿಗೆ ಹೋಗಿ ಕಪಾಟಿನಲ್ಲಿ ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ದಪ್ಪದ ಸ್ಕೋಪನ್ನು ತೋರಿಸಿ ಅದೇ ಬೇಕೆಂದೆ.

"ಅದು ನಿಮಗೆ ಬೇಡ."

"ಯಾಕೆ? ಹಣ ಕೊಡ್ತೇನಲ್ಲ."

"ಹಣ ನೀವು ಕೊಡ್ತೀರಿ ಅಕ್ಕ. ಬೈಗುಳ ನಾನು ತಿನ್ಬೇಕು."

ಸ್ಕೋಪನ್ನು ನನ್ನ ಕೈಗೆ ಕೊಟ್ಟು, ಎದುರಿನ ಕಟ್ಟಡದ ಮೇಲಿನ ನೀರಿನ ಟ್ಯಾಂಕಿ ನೋಡಲು ಹೇಳಿದರು. ಟ್ಯಾಂಕಿಯ ಮೇಲೆ ಕೂತ ಕಾಗೆಯ ಕೊಕ್ಕು ಕಂಡಿತು, ಮರುಕ್ಷಣ ಆಕಾಶ, ಮರುಕ್ಷಣ ಗೋಡೆ. ಎಲ್ಲವೂ ಕುಣಿಯುತ್ತಿತ್ತು.

"ಟ್ಯಾಂಕಿ ಅಲುಗ್ತಾ ಉಂಟಾ?"

"ಇಲ್ಲ, ನನ್ನ ಕೈ."

"ಕೈ ಮಾತ್ರ ಅಲ್ಲ, ಎದೆ ಹೊಡ್ಕೊಳ್ಳುದೂ ಕಾಣ್ತದೆ ಅದ್ರಲ್ಲಿ. ಕಂಡ್ರೆ ಮನುಷ್ಯ ಗಾಬರಿಯಾಗಿ ಬೆರಳು ಎಳೀತಾನೆ. ನಿಮಗೆ ನಾಲ್ಕು ಪಟ್ಟು ದೊಡ್ಡ ಕಂಡ್ರೆ ಸಾಕು. ಸ್ವಲ್ಪ ಕಮ್ಮಿ ಕಂಡ್ರೆ ಸಮಾಧಾನ ಇರ್ತದೆ."

ಆಮೇಲೆ ಮೇಜಿನಡಿಯಿಂದ ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದು ಅಲ್ಲಾಡಿಸಿದರು. ಒಳಗೆಲ್ಲ ಸತ್ತ ಸ್ಕೋಪುಗಳು. ನಮ್ಮಲ್ಲಿ ಇದೊಂದು ವಾಡಿಕೆ: ಗಲ್ಫಿನಿಂದ ರಜೆಗೆ ಬರುವ ಅಳಿಯ ಮಾವನಿಗೆಂದು ದೊಡ್ಡದೊಂದು ಸ್ಕೋಪ್ ತರುತ್ತಾನೆ. ಮಾವ ಅದನ್ನು ಏರ್‌ಗನ್ನಿಗೆ ಹಾಕುತ್ತಾರೆ. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ದೊಡ್ಡ ಬಂದೂಕಿಗೆಂದು ಮಾಡಿದ ಸ್ಕೋಪಿಗೆ ಈ ಮುಂದಿನ ಒದೆತ ಅಭ್ಯಾಸವಿಲ್ಲ. ಸ್ವಲ್ಪ ದಿನದಲ್ಲೇ ಒಳಗಿನ ಗಾಜು ಸಡಿಲಾಗಿ ಗಿಲಕಿಯಾಗುತ್ತದೆ. ಅದನ್ನು ಅಳಿಯನಿಗೆ ಹೇಳುವುದು ಹೇಗೆ? ಮಾವ ಗುಟ್ಟಾಗಿ ಅದನ್ನು ತಂದು ಕಾಕನ ಡಬ್ಬಿಗೆ ಹಾಕಿ, ನೋಡಲಿಕ್ಕೆ ಅದೇ ಥರದ ಇನ್ನೊಂದು ಕೊಡಿ ಎನ್ನುತ್ತಾರೆ. ಕಾಕ ಅದನ್ನು ಮರ್ಯಾದೆಯ ಡಬ್ಬಿ ಎಂದು ಕರೆಯುತ್ತಿದ್ದರು.

ನನಗೆ ಕೊಟ್ಟದ್ದು ಗೇಣುದ್ದದ ಸ್ಕೋಪ್, ಏರ್‌ಗನ್ನಿಗೆಂದೇ ಮಾಡಿದ್ದು. ತುದಿಯ ಬಳೆ ತಿರುಗಿಸಿದರೆ ಹತ್ತಿರದ ಗುರಿಯೂ ಸ್ಪಷ್ಟವಾಗುತ್ತಿತ್ತು. ದೂರಕ್ಕೆಂದು ಮಾಡಿದ್ದರಲ್ಲಿ ಗೋದಾಮಿನ ಗುರಿ ಮಂಜಾಗಿ ಕಾಣುತ್ತದಂತೆ. ಬೆಲೆಯಲ್ಲಿ ಅದು ಅಂಗಡಿಯಲ್ಲೇ ಅಗ್ಗದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ. ಹಾಗಾದರೆ ಎಲ್ಲಕ್ಕಿಂತ ಅಗ್ಗದ್ದು ಯಾಕೆ ಬೇಡ ಎಂದು ಕೇಳಿದೆ.

"ಅದು ಬೇಡ. ಅದನ್ನು ನಾನು ಆಗದವರಿಗೆ ಇಟ್ಟದ್ದು."

ಗೋದಾಮಿನಲ್ಲಿ ಹೊಡೆದು ಮುಗಿದ ಮೇಲೆ ಚಹಾ ಬರುತ್ತಿತ್ತು. ಆಗ ಕಾಕನ ಬಾಯಿಬೀಗ ತೆರೆಯುತ್ತಿತ್ತು. ಎಲ್ಲರೂ ಮತ್ತೆ ಮತ್ತೆ ಹೇಳಿಸುತ್ತಿದ್ದದ್ದು ಆಚಾರಿಯ ಕತೆ. ಬಜಪೆಯಲ್ಲಿ ಮನೆ ಕಟ್ಟಿಸುವಾಗ ಒಂದು ಕಣ್ಣು ಮುಚ್ಚಿ ನೋಡಿ, ಕಿಟಕಿಯ ದಾರಂದದ ಚೌಕಟ್ಟು ಓರೆಯಾಗಿದೆಯೆಂದು ಕಾಕ ಆಚಾರಿಯೊಂದಿಗೆ ಜಗಳಕ್ಕೆ ನಿಂತರಂತೆ. ಕಿತ್ತು ಮತ್ತೆ ಕೂರಿಸಿದರು, ಆಗಲೂ ಓರೆ. ಕೊನೆಗೆ ಆಚಾರಿ ಉಳಿ ಕೆಳಗಿಟ್ಟು, "ಕಾಕ, ಕಿಟಕಿ ನೆಟ್ಟಗೆ ಉಂಟು. ಬೇಕಾದ್ರೆ ಮನೆಯನ್ನೇ ಓರೆ ಮಾಡಿಕೊಡ್ತೇನೆ" ಎಂದನಂತೆ. ಎಲ್ಲರೂ ನಗುತ್ತಿದ್ದರು. ಕಾಕನೂ ನಗುತ್ತಿದ್ದರು. ನಾನು ನಗುವವರನ್ನು ನೋಡುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಸ್ಕೋಪಿನ ಅಡ್ಡಗೆರೆ ನಡುವಿನಲ್ಲಿ ಬಗ್ಗಿದ ಹಾಗೆ ಕಂಡಿತು. ಒದ್ದೆ ಬಟ್ಟೆ ಹಾಕಿದ ಹಗ್ಗ ಜೋತ ಹಾಗೆ. ಅಂಗಡಿಗೆ ಒಯ್ದು ತೋರಿಸಿದೆ. ಕಾಕ ಎಡಗಣ್ಣಿಟ್ಟು ಬಹಳ ಹೊತ್ತು ನೋಡಿದರು.

"ನನಗೆ ಸರಿ ಕಾಣ್ತದೆ ಅಕ್ಕ. ಆದ್ರೆ ನನ್ನದು ಒಂದು ಕಣ್ಣಿನ ಸಾಕ್ಷಿ. ನಿಮಗೆ ಎರಡುಂಟು, ನೀವು ಹೇಳಿದ್ದೇ ಸರಿ ಇರ್ಬೇಕು."

ಆ ಸ್ಕೋಪಿನ ಗೆರೆ ಸಪೂರ ತಂತಿಯದ್ದು, ಒದೆತಕ್ಕೆ ಸಡಿಲಾಗಿರಬಹುದೆಂದು ಹೇಳಿ, ಗಾಜಿನ ಮೇಲೆಯೇ ಗೆರೆ ಕೊರೆದ ಇನ್ನೊಂದನ್ನು ಕೊಟ್ಟರು. ಮುಂದಿನ ಭಾನುವಾರ ಅದರ ಗೆರೆಯೂ ಬಗ್ಗಿತ್ತು. ಮೇಡಂಗೆ ದೊಡ್ಡ ಸ್ಕೋಪ್ ಬೇಕು, ಅದಕ್ಕೇ ಈ ನಾಟಕ ಎಂದು ವಕೀಲರು ತಮಾಷೆ ಮಾಡಿದರು. ಕಾಕ ಆ ದಿನ ಗೋದಾಮಿಗೆ ಬಂದಿರಲಿಲ್ಲ. ಮರುದಿನ ನಾನು ಸ್ಕೋಪನ್ನು ಅವರ ಮೇಜಿನ ಮೇಲಿಟ್ಟು "ಕಾಕ, ಇದೂ ಓರೆ" ಎಂದೆ.

ಅವರು ಅದನ್ನು ಮುಟ್ಟಲಿಲ್ಲ.

"ಗಾಜಿಗೆ ಕೊರ್ದ ಗೆರೆ ಬಗ್ಗುದು ಹೇಗೆ ಅಕ್ಕ?"

ಬೋಟಿನವನೊಬ್ಬ ದಿಕ್ಸೂಚಿ ಹಿಡಿದುಕೊಂಡು ನಿಂತಿದ್ದ. ಅವನನ್ನು ಆಮೇಲೆ ಬಾ ಎಂದು ಹೊರಗೆ ಕಳಿಸಿ, ಕಾಕ ಒಳಗಿನಿಂದ ಶಟರ್ ಪೂರ್ತಿ ಎಳೆದು ಲೈಟು ಹಾಕಿದರು. ನನ್ನನ್ನು ಶಟರಿನ ಎದುರು ನಿಲ್ಲಿಸಿದರು.

"ಕನ್ನಡಕ ಇರ್ಲಿ. ಎಡಗಣ್ಣು ಕೈಯಿಂದ ಮುಚ್ಚಿ. ನಡುವಿನ ಕೊಂಡಿಯನ್ನೇ ನೋಡಿ. ಸುತ್ತ ಶಟರಿನ ಪಟ್ಟಿ ಹೇಗುಂಟು?"

ಪಟ್ಟಿಗಳು ಕೊಂಡಿಯ ಕಡೆಗೆ ಸುಳಿಯ ಹಾಗೆ ಎಳೆದುಕೊಂಡಿದ್ದವು. ಬಲಗಣ್ಣು ಮುಚ್ಚಿ ನೋಡಿದೆ, ಎಲ್ಲವೂ ನೆಟ್ಟಗಿದ್ದವು. ಎರಡೂ ಕಣ್ಣು ತೆರೆದಿರುವಾಗ ಎಡಗಣ್ಣು ಬಲಗಣ್ಣಿನ ತಪ್ಪನ್ನು ಮುಚ್ಚಿಹಾಕುತ್ತಿತ್ತು. ನಾನು ಬಲಗಣ್ಣೊಂದರಿಂದಲೇ ನೋಡುತ್ತಿದ್ದದ್ದು ಸ್ಕೋಪಿನಲ್ಲಿ ಮಾತ್ರ.

"ಸ್ಕೋಪ್ ಸರಿ ಉಂಟು," ಎಂದರು ಕಾಕ. "ಕಿಟಕಿಯೂ ಸರಿ ಇತ್ತು."

ಆಚಾರಿಯ ಕತೆಯಲ್ಲಿ ಅವರು ಯಾರಿಗೂ ಹೇಳದೆ ಬಿಟ್ಟಿದ್ದ ಭಾಗ ಅದು. ಜಗಳ ಮುಗಿದು ಅವರು ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಬಲಗಣ್ಣಿನ ನೋಟದ ನಡುಭಾಗ ಹೋಗಿಯಾಗಿತ್ತು.

ಅಂಗಡಿಗೆ ಬೀಗ ಹಾಕಿ ನನ್ನನ್ನು ರಿಕ್ಷಾದಲ್ಲಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ನಾನು, "ಹೋದ್ರೆ ಹೋಗ್ಲಿ ಕಾಕ, ಇನ್ನೊಂದು ಉಂಟಲ್ಲ" ಎಂದೆ. ಧೈರ್ಯ ತೋರಿಸಲು ಹೇಳಿದ ಮಾತಲ್ಲ. ನನಗೆ ನಿಜಕ್ಕೂ ಹಾಗೆಯೇ ಅನ್ನಿಸಿತ್ತು. ಗಂಡನೇ ಹೋದ ಮೇಲೆ ಒಂದು ಕಣ್ಣು ಯಾವ ಲೆಕ್ಕ?

ಕಾಕನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಂಗಡಿಯ ಕನ್ನಡ ಬಿಟ್ಟು ತುಳುವಿಗೆ ಇಳಿದರು. ಅವರು ಹೇಳಿದ್ದರ ಅರ್ಥ ಇಷ್ಟು: "ಹಾಗೆ ಹೇಳ್ಬೇಡಿ. ಕಣ್ಣು ಹೋದದ್ದು ನನಗೆ, ನನ್ನತ್ರ ಕೇಳಿ. ಈ ಒಳ್ಳೆ ಕಣ್ಣು ಮುಚ್ಚಿದ್ರೆ ಎದುರು ಕೂತ ಹೆಂಡತಿಗೆ ಮುಖವೇ ಇಲ್ಲ. ತಲೆಯ ಶಾಲು ಉಂಟು, ಕಿವಿಯ ಚಿನ್ನ ಉಂಟು, ನಡುವೆ ಎಂತದೂ ಇಲ್ಲ." ಆಮೇಲೆ ಟ್ರಾಫಿಕ್ಕಿನಲ್ಲಿ ರಿಕ್ಷಾ ನಿಂತಾಗಲೆಲ್ಲ ಇಳಿದು ಓಡುವವರ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು.

ದಪ್ಪ ಮೈನಸ್ ಕನ್ನಡಕದವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಕಣ್ಣಿನ ಹಿಂಬದಿಯಲ್ಲಿ ಬೇಡದ ರಕ್ತನಾಳ ಬೆಳೆದು ಸೋರುತ್ತದೆ, ಬೇಗ ಬಂದರೆ ಕಣ್ಣಿಗೇ ಇಂಜೆಕ್ಷನ್ ಕೊಟ್ಟು ನಿಲ್ಲಿಸಬಹುದು, ತಡವಾದರೆ ಆಗುವುದಿಲ್ಲ. ನಾನು ಬೇಗ ಬಂದಿದ್ದೆ.

ಇಂಜೆಕ್ಷನ್ನಿಗೆ ಹೋದಾಗಲೆಲ್ಲ ಕಾಕ ಮತ್ತು ಅವರ ಹೆಂಡತಿ ಬರುತ್ತಿದ್ದರು. ಔಷಧಿಯ ವಾಸನೆ ಆಗುವುದಿಲ್ಲವೆಂದು ಕಾಕ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರ ಹೆಂಡತಿ ನನ್ನ ಪಕ್ಕದಲ್ಲಿ ಕೂತು, ನನಗಿಲ್ಲದ ಹೆದರಿಕೆಯನ್ನು ನನ್ನ ಪರವಾಗಿ ಹೆದರುತ್ತಿದ್ದರು. ಗೆರೆಗಳು ನಿಧಾನವಾಗಿ ನೆಟ್ಟಗಾದವು. ನಡುವೆ ಒಂದು ಸಣ್ಣ ತಗ್ಗು ಈಗಲೂ ಇದೆ. ನಾನು ಕಾಕನಿಗೆ ಥ್ಯಾಂಕ್ಸ್ ಹೇಳಲು ಬಾಯಿ ತೆರೆದಾಗ ಅವರು ತಡೆದು, "ಆ ಎರಡನೇ ಸ್ಕೋಪ್ ಇನ್ನು ವಾಪಸ್ ತೆಗೊಳ್ಳುದಿಲ್ಲ, ಹೇಳಿದ್ದೇನೆ" ಎಂದರು.

ಕಳೆದ ತಿಂಗಳು ಕಾಕ ತೀರಿಕೊಂಡರು. ಮಧ್ಯಾಹ್ನದ ನಮಾಜಿಗೆಂದು ಅಂಗಡಿಯಿಂದ ಇಳಿಯುವಾಗ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲವಂತೆ. ವಕೀಲರು ಫೋನು ಮಾಡಿ ಹೇಳಿದಾಗ ನಾನು ಹೂಂ ಎಂದೆ. ಕ್ಯಾಶಿಗೆ ತಮ್ಮನನ್ನು ಕೂರಿಸಿ ಬಜಪೆಗೆ ಹೋದೆ. ಮನೆಯ ತುಂಬ ಜನ. ಹೆಂಗಸರ ಕೋಣೆಯಲ್ಲಿ ಕುರಾನ್ ಓದುತ್ತಿದ್ದರು. ಮೇಲೆ ವಿಮಾನ ಹೋದಾಗ ಅವರ ಸ್ವರ ಮುಳುಗಿ ಮತ್ತೆ ಏಳುತ್ತಿತ್ತು. ಕಾಕನ ಹೆಂಡತಿ ನನ್ನ ಕೈ ಹಿಡಿದು, "ನೋಡುದಾದ್ರೆ ಈಗ ನೋಡಿ, ಮತ್ತೆ ಮಸೀದಿಗೆ ಕೊಂಡೋಗ್ತಾರೆ" ಎಂದು ಒಳಗೆ ಕರೆದುಕೊಂಡು ಹೋದರು.

ನನ್ನ ಗಂಡ ಹೋದ ದಿನ ನಾನು ಅವರ ಮುಖ ನೋಡಿರಲೇಬೇಕು. ಎಲ್ಲರೂ ಹಿಡಿದು ನಿಲ್ಲಿಸಿ ನೋಡಿಸಿದ್ದರು. ನನಗೆ ನೆನಪಿಲ್ಲ. ಹೂವು ನೆನಪಿದೆ, ಊದುಬತ್ತಿಯ ಹೊಗೆ ನೆನಪಿದೆ, ಯಾರದೋ ಕೈಗಡಿಯಾರ ನೆನಪಿದೆ. ಮುಖವಿರಬೇಕಾದ ಜಾಗದಲ್ಲಿ ಏನೂ ಇಲ್ಲ.

ಕಾಕನ ಹೆಂಡತಿ ಬಿಳಿ ಬಟ್ಟೆ ಸರಿಸಿದರು. ನಾನು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಣ್ಣಿನಿಂದ ನೋಡಿದೆ. ಹುಬ್ಬು, ಮೂಗು, ತುಟಿ, ಗಡ್ಡ ಒಂದೊಂದಾಗಿ ಎಲ್ಲವೂ ಇದ್ದವು. ನಾನು ಮುಖ ಮುಚ್ಚಿ ಅಳುತ್ತಿದ್ದೇನೆಂದು ತಿಳಿದು ಹಿಂದಿನಿಂದ ಯಾರೋ ನನ್ನ ಬೆನ್ನು ಸವರಿದರು. ನಾನು ಅಳುತ್ತಿರಲಿಲ್ಲ. ಈ ಮುಖ ನೆನಪಿರುತ್ತದೆಂದು ಖಾತ್ರಿಯಾಗುವವರೆಗೆ ಕಾಕ ಉಳಿಸಿಕೊಟ್ಟ ಕಣ್ಣಿನಲ್ಲೇ ನೋಡುತ್ತ ನಿಂತಿದ್ದೆ.