ಒಂದು ನಂಬರ್ ಚಿಕ್ಕದು

ಮೊನ್ನೆ ಅಕ್ಕ ಅಟ್ಟ ಗುಡಿಸುವಾಗ ರಟ್ಟಿನ ಡಬ್ಬವೊಂದನ್ನು ಕೆಳಗಿಳಿಸಿದಳು. ಮುಚ್ಚಳ ತೆಗೆದ ಕೂಡಲೇ ರಬ್ಬರಿನ ವಾಸನೆ, ಅದರಡಿಯಲ್ಲಿ ಸಣ್ಣಗೆ ರೇಷ್ಮೆಯ ವಾಸನೆ... ಭಾವನ ಶೂ. ಅವರು ಹೋದ ಮೇಲೆ ಯಾರೂ ಅದನ್ನು ತೆರೆದಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಭಾವ ಪವರ್‌ಲೂಮ್ ಶೆಡ್ ನಡೆಸುತ್ತಿದ್ದರು. ಮೀಸೆ ಮೂಡುವ ಮೊದಲಿನಿಂದಲೂ ಸೀರೆ ನೇಯ್ದವರು. ಒಮ್ಮೆ ವ್ಯಾಪಾರಿಯೊಬ್ಬರು ಬಂದು, ಈ ಸಲ ಸೀರೆ ಬೇಡ, ಎಷ್ಟು ಎಳೆದರೂ ಸಡಿಲವಾಗದ ದಪ್ಪ ರೇಷ್ಮೆ ಬಟ್ಟೆ ಬೇಕು ಎಂದರು. ಯಾತಕ್ಕೆಂದು ಹೇಳಲಿಲ್ಲ. ಭಾವ ಗಟ್ಟಿ ಹುರಿಯ ನೂಲು ತರಿಸಿ, ಅಂಚಿಗೆ ತಮ್ಮಿಷ್ಟದ ಒಂದು ನೇರಳೆ ಎಳೆ ಸೇರಿಸಿ ನೇಯ್ದು ಕೊಟ್ಟರು.

ಕೆಲವು ತಿಂಗಳ ಮೇಲೆ ನನ್ನ ಫೋನಿನಲ್ಲಿ ಒಂದು ಸ್ನೀಕರ್ಸ್ ಚಿತ್ರ ಕಂಡಿತು. ಶೂ ಕಂಪನಿಯೊಂದು ಸೀರೆ ಡಿಸೈನರ್ ಜೊತೆ ಸೇರಿ ರೇಷ್ಮೆ ಬಟ್ಟೆಯಲ್ಲಿ ಕೆಲವೇ ಜೊತೆ ಮಾಡಿದ್ದ ಲಿಮಿಟೆಡ್ ಎಡಿಷನ್. ಭಾವನಿಗೆ ತೋರಿಸಿದೆ. ಚಿತ್ರ ದೊಡ್ಡದು ಮಾಡಿ, ನೇರಳೆ ಎಳೆಯ ಮೇಲೆ ಬೆರಳಿಟ್ಟರು.

“ಲೇ, ಇದು ನಮ್ ಬಟ್ಟೆ ಕಣೋ. ತರ್ಸು.”

“ಎಂಟನೇ ನಂಬರ್ ಒಂದೇ ಉಳ್ದಿರೋದು ಭಾವ. ನಿಮ್ದು ಒಂಬತ್ತು.”

“ಬಟ್ಟೆ ತಾನೇ, ಹಾಕ್ತಾ ಹಾಕ್ತಾ ಬಿಡುತ್ತೆ. ಇಷ್ಟ್ ವರ್ಷ ನೇಯ್ದೆ, ಸೀರೆ ನಾನ್ ಉಟ್ಕೊಳ್ಳಕ್ಕಾಗುತ್ತಾ? ನಾನ್ ನೇಯ್ದು ನಾನೇ ಹಾಕ್ಕೊಳ್ಳೋವಂಥದ್ದು ಇದೊಂದೇ ಕಣೋ.”

ಶೂ ಬಂತು. ಅಂಥ ಚೆಂದದ್ದನ್ನು ನಮ್ಮ ಬೀದಿ ನೋಡಿರಲಿಲ್ಲ. ಸಡಿಲವಾಗಲಿ ಎಂದು ಭಾವ ದಿನವೂ ಮನೆಯಿಂದ ಶೆಡ್‌ವರೆಗೆ ಹಾಕಿಕೊಂಡು ಕುಂಟುತ್ತಾ ಹೋಗುತ್ತಿದ್ದರು. ಕಿರುಬೆರಳು ಊದಿಕೊಂಡಿತು. ಶೆಡ್ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಒದರಿ ಒಳಹೋದರೆ, ಇವರು ಕೂತು ಲೇಸೆಲ್ಲ ಬಿಚ್ಚಬೇಕಿತ್ತು.

“ರೀ, ಹಿಂದ್ಗಡೆ ತುಳ್ಕೊಂಡು ಚಪ್ಪಲಿ ಥರ ಹಾಕ್ಕೊಳ್ರಿ. ಬೆರಳಾದ್ರೂ ಉಳೀತವೆ,” ಎಂದಳು ಅಕ್ಕ.

“ನೇಯ್ದಿದ್ನ ತುಳೀತಾರೇನೇ?”

“ಕಾಲಿಗೆ ಹಾಕ್ಕೊಂಡ್ರೆ ದೋಷ ಇಲ್ಲ, ತುಳಿದ್ರೆ ದೋಷ! ನೋಡ್ದೇನೋ, ನಿಮ್ ಭಾವನ ಶಾಸ್ತ್ರ.”

ನೇಯ್ದ ಬಟ್ಟೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಆ ಮನೆಯ ರೂಢಿ. ಭಾವ ಶೂ ಕಳಚಿದಾಗಲೆಲ್ಲ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಕೊನೆಗೆ ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆವು. ಅವರು ಮರದ ಅಚ್ಚು ತೂರಿಸಿ ರಾತ್ರಿಯೆಲ್ಲ ಬಿಟ್ಟು ನೋಡಿದರು. ಬಟ್ಟೆ ಒಂದೆಳೆಯೂ ಜಗ್ಗಲಿಲ್ಲ. “ಕುಯ್ಯಬೇಕು ಅಷ್ಟೆ,” ಎಂದರು. ಭಾವ ಶೂ ಕಿತ್ತುಕೊಂಡು ಎದೆಗೆ ಅವುಚಿ ಹೊರಟೇಬಿಟ್ಟರು.

“ನಾನೇ ಗಟ್ಟಿಯಾಗಿ ನೇಯ್ದು ನಾನೇ ಸಿಕ್ಕಾಕ್ಕೊಂಡೆ ಕಣೋ,” ಎಂದು ದಾರಿಯಲ್ಲಿ ನಕ್ಕರು. ಹೆಮ್ಮೆಯೋ, ನೋವೋ... ಇವತ್ತಿಗೂ ಗೊತ್ತಾಗಿಲ್ಲ.

ಆ ಚಳಿಗಾಲದಲ್ಲಿ ಎದೆನೋವು ಬಂತು. ಆಸ್ಪತ್ರೆಗೆ ಹೊರಟವರು ಬರಿಗಾಲಲ್ಲೇ ಹೋದರು... ಅಷ್ಟೇ.

“ನಿಂದು ಎಂಟೇ ಅಲ್ವಾ? ಹಾಕ್ಕೊ. ಇಲ್ಲಿ ಇನ್ಯಾರಿಗಾಗುತ್ತೆ,” ಎಂದಳು ಅಕ್ಕ ಮೊನ್ನೆ.

ಹಾಕಿಕೊಂಡೆ. ಬೆರಳು ಮಡಚಿ ನೋಡಿದೆ. ಎಲ್ಲೂ ಒತ್ತಲಿಲ್ಲ. ಸ್ವಲ್ಪ ಒತ್ತಿದ್ದರೆ ಚೆನ್ನಾಗಿತ್ತು... ಒಂದು ಹೆಜ್ಜೆಯನ್ನೂ ಇಡಲಾಗದೆ ಹಾಗೇ ಕೂತು, ಹಿಂಬದಿ ತುಳಿಯದಂತೆ ಲೇಸೆಲ್ಲ ಬಿಚ್ಚಿದೆ. ಕೈ ತಾನಾಗಿ ಶೂ ಮುಟ್ಟಿ ಕಣ್ಣಿಗೆ ಹೋಯಿತು.

ಅಕ್ಕ ಮುಖ ತಿರುಗಿಸಿದಳು. “ಅಟ್ಟಕ್ಕೇ ಇಡ್ಲೇನೋ?” ಎಂದಳು.

ನಾನು ಶೂ ಡಬ್ಬದಲ್ಲಿಟ್ಟೆ; ಮುಚ್ಚಳ ಮಾತ್ರ ಕೈಯಲ್ಲೇ ಉಳಿಯಿತು.