ಸಾಧನೆ ನೋಡಲು ಬಾಗಲೂರಿಗೆ

ಗೊರಗುಂಟೆಪಾಳ್ಯದ ನಮ್ಮ ಮನೆಯಿಂದ ಬಾಗಲೂರಿಗೆ ಹೆಚ್ಚೆಂದರೆ ಇಪ್ಪತ್ತೆಂಟು ಕಿಲೋಮೀಟರು. ಹನ್ನೊಂದು ಗಂಟೆಗೆ ಅಲ್ಲಿರಬೇಕಿತ್ತು. ನಾನು ಏಳೂಕಾಲಿಗೇ ಬಸ್ ಸ್ಟಾಪಿನಲ್ಲಿದ್ದೆ. ಬಸ್ಸು ಕೆಟ್ಟು ನಿಂತರೆ, ಹೆಬ್ಬಾಳದಲ್ಲಿ ಯಾರೋ ಮಂತ್ರಿ ಹಾದುಹೋದರೆ, ನನಗೇ ತಲೆಸುತ್ತು ಬಂದರೆ, ಹೀಗೆ ಒಂದೊಂದಕ್ಕೂ ಅರ್ಧರ್ಧ ಗಂಟೆ ಎತ್ತಿಟ್ಟಿದ್ದೆ. ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಸಂಭವನೀಯತೆಯ ಪಾಠ ಪ್ರತಿ ವರ್ಷ ಮಾಡುತ್ತೇನೆ, ಒಂದು ದಿನವೂ ಅದನ್ನು ನಂಬಿಲ್ಲ.

ಹೊರಟಿದ್ದು ನನ್ನ ಹಳೆಯ ವಿದ್ಯಾರ್ಥಿನಿ ನಸ್ರೀನಳ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ. ಕನ್ನಡ ಮಾಧ್ಯಮದ ಹುಡುಗಿ. ಬಿ.ಎಸ್ಸಿ., ಎಂ.ಎಸ್ಸಿ., ಮದುವೆ, ಮಗು, ಮಧ್ಯೆ ಎರಡು ವರ್ಷ ಟ್ಯೂಷನ್, ಆಮೇಲೆ ಮತ್ತೆ ಸಂಶೋಧನೆ. ಹೋದ ವರ್ಷ ಪ್ರಬಂಧ ಒಪ್ಪಿಸಿದಾಗ ಮೂರನೇ ಅಧ್ಯಾಯದಲ್ಲಿ ತೂತಿದೆ ಎಂದು ಪರೀಕ್ಷಕರು ವಾಪಸ್ ಕಳಿಸಿದ್ದರು. ಒಂದು ವರ್ಷ ಕೂತು ಅದನ್ನು ಮುಚ್ಚಿದ್ದಾಳೆ. ಮುಚ್ಚಿದ್ದು ನಿಂತಿದೆಯೋ ಇಲ್ಲವೋ ಇವತ್ತು ತಿಳಿಯುತ್ತದೆ. ಇನ್ನೊಂದು ಸಲ ಒಪ್ಪಿಸುವ ಅವಕಾಶವಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸು ಟಿಕೆಟ್ ಕೇಳಿದಾಗ ಆಧಾರ್ ಕಾರ್ಡು, ಅದರ ಎರಡು ಜೆರಾಕ್ಸು, ಶಾಲೆಯ ಐಡಿ ಎಲ್ಲ ತೆಗೆದೆ.

"ಆಧಾರ್ ಸಾಕು ಮೇಡಂ, ಜಾತಕ ಬೇಡ" ಎಂದು ಆಕೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು.

ಜನವರಿಯ ಮಂಜು ಇನ್ನೂ ಹೋಗಿರಲಿಲ್ಲ. ಹೆಬ್ಬಾಳದ ಫ್ಲೈಓವರಿನ ಕೆಳಗೆ ನಸ್ರೀನಳ ತಾಯಿ ಮೆಹರುನ್ನೀಸಾ ಕಾಯುತ್ತಿದ್ದರು. ಗಂಗಾನಗರದಲ್ಲಿ ರವಿಕೆ ಹೊಲಿಯುವವರು, ಓದಿದ್ದು ನಾಲ್ಕನೇ ಕ್ಲಾಸು. ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಇಡ್ಲಿ ತಿಂದೆವು. ಅವರ ತೊಡೆಯ ಮೇಲೊಂದು ದೊಡ್ಡ ಕವರಿತ್ತು. ಬಗ್ಗಿ ನೋಡಿದೆ. ಒಳಗೆ ತೋಳು ದಪ್ಪದ ಗುಲಾಬಿ ಹಾರ, ಮೇಲೊಂದು ಶಾಲು.

"ಇದೇನ್ರೀ?"

"ನೀವೇ ಹಾಕ್ಬೇಕು ಟೀಚರ್, ನನಗೆ ಸ್ಟೇಜ್ ಅಂದ್ರೆ ಭಯ. 'ಅಮ್ಮಿ, ಇವತ್ತು ನನ್ನ ಸಾಧನೆ ಇದೆ, ಬಾ' ಅಂದ್ಲು. ಸಾಧನೆ ಅಂದ್ರೆ ಗೊತ್ತಿಲ್ವಾ ನನಗೆ? ಆರ್.ಟಿ. ನಗರದಲ್ಲಿ ಫ್ಲೆಕ್ಸ್ ಹಾಕ್ತಾರಲ್ಲ, ಸಾಧಕರಿಗೆ ಸನ್ಮಾನ ಅಂತ."

ನಸ್ರೀನ್ ಹೇಳಿದ್ದು ನಮ್ಮ ರೇಖಾಗಣಿತದ ಸಾಧನೆ. ಪ್ರಮೇಯ ಬರೆಯುವಾಗ ನಾಲ್ಕು ತಲೆಬರಹ ಹಾಕಬೇಕು: ಕೊಟ್ಟಿರುವುದು ದತ್ತ, ತೋರಿಸಬೇಕಾದ್ದು ಸಾಧನೀಯ, ಎಳೆಯಬೇಕಾದ ಗೆರೆಗಳು ರಚನೆ, ಕೊನೆಗೆ ಹಂತ ಹಂತವಾದ ರುಜುವಾತೇ ಸಾಧನೆ. ಈ ಪದವನ್ನು ಅವಳ ತಲೆಗೆ ತುಂಬಿದವಳು ನಾನೇ. ಒಂಬತ್ತನೇ ಕ್ಲಾಸಿನಲ್ಲಿ ಅವಳು ದತ್ತ ಬರೆಯದೆ ನೇರ ಸಾಧನೆಗೆ ಇಳಿದಾಗ ಎರಡು ಅಂಕ ಕತ್ತರಿಸಿದ್ದೆ. "ಸಾಧನೆ ಸರಿ ಇದ್ಯಲ್ಲ ಮಿಸ್" ಎಂದು ಅವಳು ಒಂದು ವಾರ ಮುನಿಸಿಕೊಂಡಿದ್ದಳು. ಸಾಧನೆ ಸರಿಯೇ ಇತ್ತು. ನನ್ನದಕ್ಕಿಂತ ಚೊಕ್ಕವಾಗಿತ್ತು ಎಂಬುದನ್ನು ಅವಳಿಗೆ ಇದುವರೆಗೆ ಹೇಳಿರಲಿಲ್ಲ.

"ಇದು ಸನ್ಮಾನ ಅಲ್ಲ, ಪರೀಕ್ಷೆ. ಪಾಸಾಗ್ದೇನೂ ಇರಬಹುದು" ಎಂದೆ.

ಮೆಹರುನ್ನೀಸಾ ಕವರನ್ನು ಹತ್ತಿರಕ್ಕೆ ಎಳೆದುಕೊಂಡರು. "ಹಾರ ಕಟ್ಟಿಸ್ಬಿಟ್ಟಿದೀನಲ್ಲ" ಎಂದರು, ಆ ಕಾರಣಕ್ಕಾದರೂ ಮಗಳು ಪಾಸಾಗಲೇಬೇಕು ಎಂಬ ಹಾಗೆ.

ಜಕ್ಕೂರು, ಯಲಹಂಕ ದಾಟಿ ಬಾಗಲೂರು ಕ್ರಾಸಿನಲ್ಲಿ ಬಲಕ್ಕೆ ತಿರುಗುವವರೆಗೂ ಎರಡನೇ ಬಸ್ಸಿನಲ್ಲಿ ಆ ಕವರು ನಮ್ಮಿಬ್ಬರ ನಡುವೆ ಕೂತಿತ್ತು. ಅಪಶಕುನ ನಂಬದವಳು ನಾನು. ಆದರೂ ಕಾಣದಿರಲಿ ಎಂದು ಅದರ ಮೇಲೆ ನನ್ನ ಸ್ವೆಟರ್ ಹೊದಿಸಿದೆ. ಬಸ್ಸಿಳಿದು, ಆಟೋಗೆ ಅರವತ್ತು ರೂಪಾಯಿ ಕೊಟ್ಟು ಸಂಶೋಧನಾ ಸಂಸ್ಥೆಯ ಗೇಟಿನಲ್ಲಿಳಿದಾಗ ಒಂಬತ್ತೂ ಮುಕ್ಕಾಲು. ಸೆಕ್ಯೂರಿಟಿಯವರು ನಾವೇ ಪರೀಕ್ಷೆ ಬರೆಯಲು ಬಂದವರೆಂದುಕೊಂಡು "ಗಾಬರಿ ಆಗ್ಬೇಡಿ" ಎಂದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನಗೂ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಯಾರೂ ಬೇಡ ಎನ್ನಲಿಲ್ಲ. ಎರಡು ಬಸ್ಸು ಬದಲಿಸಬೇಕು ಎಂದು ನಾನೇ ಹೆದರಿ ಬಿಟ್ಟೆ. ಇವತ್ತು ಅಷ್ಟೇ ಬಸ್ಸು ಬದಲಿಸಿದ್ದೆ.

ಸಣ್ಣ ಹಾಲ್, ಹದಿನೈದು ಜನ. ಪರೀಕ್ಷಕರಲ್ಲಿ ಒಬ್ಬರು ಬೇರೆ ಊರಿಂದ ಬಂದ ಹಿರಿಯ ಹೆಂಗಸು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂಸು. ಪ್ರಬಂಧದ ಅಂಚಿನ ತುಂಬ ಪೆನ್ಸಿಲ್ ಗುರುತು ಮಾಡಿಕೊಂಡಿದ್ದರು. ತೂತು ಹುಡುಕಿದ್ದು ಇವರೇ ಎಂದು ನೋಡಿದರೇ ತಿಳಿಯುತ್ತಿತ್ತು.

ನಸ್ರೀನ್ ಕಪ್ಪು ಹಲಗೆಯ ಮುಂದೆ ನಿಂತಳು. ಹಸಿರು ದುಪಟ್ಟಾ ತಲೆ ಮೇಲೆ, ಕೈಯಲ್ಲಿ ಚಾಕ್. "ಚಾಕ್ ಹಿಡಿಯೋದು ಥೇಟ್ ನನ್ ಥರಾನೇ, ಬಟ್ಟೆ ಮೇಲೆ ಗುರುತು ಹಾಕ್ತೀನಲ್ಲ, ಹಂಗೆ" ಎಂದು ಮೆಹರುನ್ನೀಸಾ ನನ್ನ ಕಿವಿಯಲ್ಲಿ ಹೇಳಿದರು. ಮೊದಲ ಹತ್ತು ನಿಮಿಷ ನನಗೆ ಅರ್ಥವಾಯಿತು. ಆಮೇಲೆ ಮುಂದಿನ ಸಾಲಿನವರು ತಲೆಯಾಡಿಸಿದಾಗ ನಾನೂ ಆಡಿಸಿದೆ.

ಮೂರನೇ ಅಧ್ಯಾಯ ಬಂತು. ಹಿರಿಯ ಪರೀಕ್ಷಕರು ಕೈಯೆತ್ತಿ ಇಂಗ್ಲಿಷಿನಲ್ಲಿ ಕೇಳಿದರು, "ಈ ಮಾತನ್ನು ಎಲ್ಲಿಂದ ತಂದಿರಿ? ಹೋದ ಸಲವೂ ಇಲ್ಲೇ ಅಲ್ಲವೇ ಜಾರಿದ್ದು?"

ನಸ್ರೀನ್ ಹಲಗೆಯ ಕಡೆ ತಿರುಗಿದಳು. ನಾನು ಸ್ವೆಟರ್ ಕೆಳಗೆ ಹಾರದ ನಾಲ್ಕು ಎಸಳು ಹಿಸುಕಿದ್ದೆ. ಆಮೇಲೆ ಅವಳು ಹಲಗೆಯ ಒಂದು ಮೂಲೆ ಒರೆಸಿ, ಅಷ್ಟು ಹೊತ್ತಿನ ಇಂಗ್ಲಿಷ್ ಬಿಟ್ಟು, ದುಂಡಗಿನ ಕನ್ನಡದಲ್ಲಿ ಬರೆದಳು: ದತ್ತ. ಅದರ ಕೆಳಗೆ ಮೂರು ಸಾಲು. ಮೂರನೆಯ ಸಾಲಿನ ಕೆಳಗೆ ಗೆರೆ ಎಳೆದಳು.

"ಹೋದ ಸಲ ದತ್ತದಲ್ಲಿ ಇಲ್ಲದ್ದನ್ನು ಸಾಧನೆಯಲ್ಲಿ ಬಳಸಿದ್ದೆ. ಈ ಸಲ ಅದು ಈ ಮೂರನೇ ಸಾಲಿನಿಂದಲೇ ಬರುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಹಂತ ಹಂತವಾಗಿ ಇಳಿಸಿದಳು. ಪರೀಕ್ಷಕರು ಪೆನ್ಸಿಲ್ ಹಿಡಿದು ಜೊತೆಯಲ್ಲೇ ಇಳಿದರು. ಕೊನೆಗೆ ಪೆನ್ಸಿಲ್ ಕೆಳಗಿಟ್ಟು, ಆ ಮೂಲೆಯ ಅಕ್ಷರ ಏನೆಂದು ಕೇಳಿದರು.

"ಕೊಟ್ಟಿರುವುದು ಅಂತ. ಬರೆಯದಿದ್ದರೆ ನಮ್ಮ ಮಿಸ್ ಎರಡು ಅಂಕ ಕತ್ತರಿಸುತ್ತಾರೆ. ಕೊನೇ ಸಾಲಿನಲ್ಲಿ ಕೂತಿದ್ದಾರೆ."

ಹಾಲಿನಲ್ಲಿದ್ದ ಅಷ್ಟೂ ತಲೆ ತಿರುಗಿದವು. ನಾನು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿದೆ. ಚಪ್ಪಲಿ ಕಾಲಲ್ಲೇ ಇತ್ತು.

ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಹನ್ನೆರಡು ನಿಮಿಷ. ಬಾಗಿಲು ತೆರೆದ ಆ ಹಿರಿಯ ಪರೀಕ್ಷಕರು, "ಡಾಕ್ಟರ್ ನಸ್ರೀನ್, ಒಳಗೆ ಬನ್ನಿ" ಎಂದರು. ಸ್ಟೇಜಿನ ಭಯ ಮರೆತ ಮೆಹರುನ್ನೀಸಾ ನನ್ನ ಸ್ವೆಟರನ್ನು ನೆಲಕ್ಕೆ ಹಾಕಿ, ಹಾರ ತೆಗೆದು, ಕಾರಿಡಾರಿನಲ್ಲೇ ಮಗಳ ಕೊರಳಿಗೆ ಹಾಕಿದರು. ನಸ್ರೀನ್ ಆಗ ಅತ್ತಳು. ಪರೀಕ್ಷಕರು ಹತ್ತಿರ ಬಂದು, "ನನ್ನ ಪರೀಕ್ಷೆಯ ದಿನ ಒಬ್ಬರೂ ಬಂದಿರಲಿಲ್ಲ" ಎಂದು ಒಂದು ಗುಲಾಬಿ ಕೇಳಿ ತೆಗೆದುಕೊಂಡು, ಪ್ರಬಂಧದ ಹಾಳೆಗಳ ನಡುವೆ ಇಟ್ಟುಕೊಂಡರು.

ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುವಾಗ ನಸ್ರೀನಳಿಗೆ ಹೇಳಿದೆ, "ಒಂಬತ್ತನೇ ಕ್ಲಾಸಿನ ಆ ಸಾಧನೆ ನನ್ನದಕ್ಕಿಂತ ಚೆನ್ನಾಗಿತ್ತು ಕಣೇ."

"ಗೊತ್ತು ಮಿಸ್" ಎಂದಳು. "ಎರಡು ಅಂಕ ಈಗ ಕೊಡ್ತೀರಾ?"

"ದತ್ತ ಬರೆದಿರಲಿಲ್ಲ. ಹೇಗೆ ಕೊಡಲಿ?"

ಸಂಜೆ ನಾಲ್ಕರ ಬಸ್ಸಿಗೆ ಇಬ್ಬರೇ ಹತ್ತಿದೆವು. ಶಾಲು ಕವರಿನಲ್ಲೇ ಉಳಿದಿತ್ತು. ಕಿಟಕಿಯ ಗಾಳಿಗೆ ಮೆಹರುನ್ನೀಸಾ ಅದನ್ನು ತಾವೇ ಹೊದ್ದುಕೊಂಡರು. ಯಲಹಂಕದ ಹತ್ತಿರ ಮೆಲ್ಲಗೆ ಕೇಳಿದರು, "ಟೀಚರ್, ನಿಜ ಹೇಳಿ. ಅವಳು ಬೋರ್ಡಲ್ಲಿ ಮಾಡಿದ್ದು ನಿಮಗೆ ಅರ್ಥ ಆಯ್ತಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ, "ಮೊದಲ ಹತ್ತು ನಿಮಿಷ ಅಷ್ಟೇ" ಎಂದೆ.

"ಆಮೇಲೆ ಏನೂ ಇಲ್ವಾ?"

"ಏನೂ ಇಲ್ಲ."

"ಅಲ್ಹಮ್‌ದುಲಿಲ್ಲಾ" ಎಂದು ಅವರು ಶಾಲು ಸರಿಮಾಡಿಕೊಂಡು ಸೀಟಿಗೊರಗಿದರು. "ಟೀಚರ್‌ಗೇ ಅರ್ಥ ಆಗ್ದಿರೋವಷ್ಟು ಓದ್ಬಿಟ್ಟಿದಾಳೆ ನನ್ ಮಗಳು."

ಹಿಂತಿರುಗಿ ನೋಡಿದೆ. ಬಾಗಲೂರಿನ ತಿರುವು ಯಾವಾಗಲೋ ದಾಟಿ ಹೋಗಿತ್ತು.